ಫೋಟೋದ ಅಂಚಿನಲ್ಲಿ ನಿಂತಿದ್ದವನು

ಒಂದು ಭಾನುವಾರ ಬೆಳಗ್ಗೆ ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಅಜ್ಜ ಕಲರ್‌ನಲ್ಲಿ ಪ್ರತ್ಯಕ್ಷನಾದ. ತೀರಿಹೋಗಿ ಇಪ್ಪತ್ತು ವರ್ಷವಾದ ಅಜ್ಜ. ಅಮೆರಿಕದಲ್ಲಿರುವ ಕಸಿನ್ ಒಬ್ಬ ಹಳೇ ಬ್ಲ್ಯಾಕ್ ಅಂಡ್ ವೈಟ್ ಫೋಟೋವನ್ನು ಯಾವುದೋ ಎಐ ಆ್ಯಪ್‌ಗೆ ಹಾಕಿ, ಗೆರೆ, ಕಲೆ ಎಲ್ಲ ತೆಗೆಸಿ, ಬಣ್ಣ ತುಂಬಿಸಿ ಕಳಿಸಿದ್ದ. ಹಾರ್ಟ್ ಇಮೋಜಿಗಳ ಸುರಿಮಳೆ. ಊರಲ್ಲಿ ದೊಡ್ಡಮ್ಮ ಫೋನನ್ನು ಅಜ್ಜಿಯ ಕಣ್ಣ ಹತ್ತಿರ ಹಿಡಿದಳಂತೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದ್ಯಾರೇ? ಪೇಟೆ ಸಾಹುಕಾರನ ಹಾಗೆ ಇದಾನಲ್ಲ!" ಅಂದಳಂತೆ.

ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಸುಮ್ಮನೆ ಮೂಲ ಫೋಟೋವನ್ನು ಪಕ್ಕದಲ್ಲಿಟ್ಟು ನೋಡಿದೆ. ಅಜ್ಜಿ ಹೇಳಿದ್ದರಲ್ಲಿ ತಪ್ಪೇನಿಲ್ಲ. ಅಜ್ಜನ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿತ್ತು, ಆ್ಯಪ್ ಅದನ್ನು ಎತ್ತಿ ಕೂರಿಸಿತ್ತು. ಕೆನ್ನೆ ಮೇಲಿನ ಸಿಡುಬಿನ ಕಲೆಗಳನ್ನು ಫೋಟೋದ ಕಲೆ ಅಂತ ತಿಳಿದು ಒರೆಸಿಹಾಕಿತ್ತು. ಉಳಿದವನು ಯಾರೋ ಚೆಂದದ ಮನುಷ್ಯ. ನಮ್ಮ ಅಜ್ಜ ಅಲ್ಲ.

"ಟ್ರಂಕಲ್ಲಿ ಇರೋ ಫೋಟೋಗಳನ್ನ ಯಾರಾದ್ರೂ ಸರಿಯಾಗಿ ಸ್ಕ್ಯಾನ್ ಮಾಡ್ಬೇಕಪ್ಪ" ಅನ್ನೋ ಮಾತು ಗ್ರೂಪ್‌ನಲ್ಲಿ ವರ್ಷಕ್ಕೆ ಎರಡು ಸಲ ಬರುತ್ತೆ. ಎಲ್ಲರೂ ಥಮ್ಸ್ ಅಪ್ ಒತ್ತಿ ಮುಂದೆ ಹೋಗುತ್ತೇವೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇರಬಹುದು. ಈ ಸಲ ಮಾತ್ರ ದೊಡ್ಡಪ್ಪ ಫೋನ್ ಮಾಡಿದ. ಹೋದ ಮಳೆಗಾಲದಲ್ಲಿ ಅಟ್ಟದ ಹೆಂಚು ಸರಿದು ಟ್ರಂಕಿನ ಮೇಲೆ ನೀರು ಬಿದ್ದಿದೆ. "ಮಳೆ ಹಿಡಿಯೋದ್ರೊಳಗೆ ಬಂದ್ರೆ ಬಾ. ಇಲ್ದಿದ್ರೆ ಒರಲೆಗೆ ಊಟ" ಅಂದ. ಅಜ್ಜಿಗೆ 85. ಆ ಲೆಕ್ಕವನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ದಿನ ರಜೆ ಹಾಕಿ, ಆಫೀಸಿನ ಗೆಳತಿಯೊಬ್ಬಳ ಫ್ಲಾಟ್‌ಬೆಡ್ ಸ್ಕ್ಯಾನರನ್ನು ಎರಡು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು, ಏಪ್ರಿಲ್‌ನ ಒಂದು ರಾತ್ರಿ ತಾಳಗುಪ್ಪ ರೈಲು ಹತ್ತಿದೆ.

ಸಾಗರ ಜಂಬಗಾರು ಸ್ಟೇಷನ್‌ನಲ್ಲಿ ಇಳಿಯುವಾಗ ಬೆಳಗಿನ ತಂಪು ಇನ್ನೂ ಇತ್ತು. ಅಲ್ಲಿಂದ ಆವಿನಹಳ್ಳಿ ಮೇಲೆ ಹೊಳೆಬಾಗಿಲಿಗೆ ಬಸ್ಸು. ಚಿಕ್ಕಂದಿನಲ್ಲಿ ಈ ದಾರಿ ಅಂದ್ರೆ ಲಾಂಚ್. ಬಸ್ಸು, ಜೀಪು, ಮದುವೆ ದಿಬ್ಬಣ, ಅಡಿಕೆ ಚೀಲ ಎಲ್ಲವೂ ಲಾಂಚ್ ಮೇಲೆ ನಿಂತು ಆಚೆ ದಡದ ಕಳಸವಳ್ಳಿಗೆ ಹೋಗಬೇಕಿತ್ತು. ಸಂಜೆ ಕೊನೇ ಲಾಂಚ್ ತಪ್ಪಿದರೆ ಆ ರಾತ್ರಿ ಈಚೆ ದಡದಲ್ಲೇ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆದಮೇಲೆ ಎರಡು ಕಿಲೋಮೀಟರಿಗೂ ಉದ್ದದ ನೀರನ್ನು ಬಸ್ಸು ನಾಲ್ಕೈದು ನಿಮಿಷದಲ್ಲಿ ದಾಟಿಬಿಡುತ್ತೆ. ಪಕ್ಕದ ಸೀಟಿನ ಹುಡುಗರು ರೀಲ್ ಮಾಡುತ್ತಿದ್ದರು. ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಬೇಸಿಗೆಗೆ ನೀರು ಇಳಿದು ದಡದ ಕೆಂಪು ಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಅಲ್ಲಲ್ಲಿ ಒಣಗಿ ಕಪ್ಪಾದ ಮರದ ಬೊಡ್ಡೆಗಳು. ಅರವತ್ತು ವರ್ಷ ನೀರಲ್ಲಿ ನಿಂತರೂ ಪೂರ್ತಿ ಕೊಳೆಯದ ಮರಗಳು ಅವು.

ನಮ್ಮದು ಮುಳುಗಡೆ ಊರು. ಸಾಗರದ ಕಡೆಯವರಿಗೆ ಈ ಒಂದು ಶಬ್ದ ಸಾಕು. ಉಳಿದವರಿಗಾಗಿ ಹೇಳ್ತೀನಿ: ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ಮುಗಿದದ್ದು 1964ರಲ್ಲಿ. ಪೂರ್ತಿ ತುಂಬಿದರೆ ಸಮುದ್ರಮಟ್ಟದಿಂದ 1,819 ಅಡಿವರೆಗೆ ನೀರು ನಿಲ್ಲುತ್ತದೆ. ಆ ಗೆರೆಯ ಕೆಳಗಿದ್ದ ಮನೆ, ತೋಟ, ಗದ್ದೆ, ದೇವಸ್ಥಾನ ಎಲ್ಲ ಹೋದವು. ಈ ನೀರು ಒಂದು ಅಣೆಕಟ್ಟನ್ನೂ ನುಂಗಿದೆ. ಜೋಗದ ವಿದ್ಯುತ್ತಿಗೆ ಅಂತ ಮೊದಲೇ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಡ್ಯಾಂ ಇದರೊಳಗೇ ಮುಳುಗಿ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಮಾತ್ರ ತಲೆ ಎತ್ತುತ್ತೆ. ಸಾಗರದಲ್ಲೇ ಬದುಕಿದ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯಲ್ಲಿ, ಅದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ಸಿನಿಮಾದಲ್ಲಿ ಇಂಥ ಮುಳುಗಡೆಯ ಕಥೆಯೇ ಇರೋದು. ಅಜ್ಜಿ ಅದನ್ನು ಟೀವಿಯಲ್ಲಿ ಅರ್ಧ ನೋಡಿ ಎದ್ದುಹೋಗಿದ್ದಳು. "ನೋಡಿ ಆಗಿದೆ ನಂಗೆ" ಅಂತ.

ಅವಳು ಮದುವೆಯಾಗಿ ಆ ಮನೆಗೆ ಬಂದದ್ದು 17ನೇ ವಯಸ್ಸಿನಲ್ಲಿ. ಆರೇ ವರ್ಷ ಇದ್ದದ್ದು ಅಲ್ಲಿ. ಆಮೇಲೆ ಈ ಗುಡ್ಡದ ಮೇಲಿನ ಮನೆ, ತುಮರಿ ಕಡೆ, ಈಗ ದೊಡ್ಡಪ್ಪ ಇರೋದು. ಹಳೇ ಊರಿನ ಹೆಸರು ಯಾವ ಬಸ್ಸಿನ ಬೋರ್ಡಿನಲ್ಲೂ ಇಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಲ್ಲಿ ನೀಲಿ ಬಣ್ಣ ಅಷ್ಟೇ.

ಟ್ರಂಕ್ ತೆರೆದಾಗ ಬಂದ ವಾಸನೆಗೆ ನಾನು ಮಾರು ದೂರ ಹೋದೆ. ಟ್ರಂಕ್ ಒಂದು, ಬಿಸ್ಕತ್ತಿನ ತಗಡಿನ ಡಬ್ಬಿ ಎರಡು, ಆಲ್ಬಮ್ ಆರು. ಎಣಿಸಿದರೆ ಫೋಟೋಗಳೇ 1,140. ಅವುಗಳ ಜೊತೆ ನೆಗೆಟಿವ್‌ಗಳು, ಒಂದು ಸೋಪುಡಬ್ಬಿ ತುಂಬ.

ಮೊದಲ ಪಾಠ ಅಲ್ಲೇ ಆಯ್ತು. ಹಳೇ ಫೋಟೋ ಅಂದ್ರೆ ಹೆಚ್ಚು ಹಾಳು, ಹೊಸದು ಅಂದ್ರೆ ಕಡಿಮೆ ಹಾಳು ಅಂದುಕೊಂಡಿದ್ದೆ. ಉಲ್ಟಾ. ಅರವತ್ತರ ದಶಕದ ಬ್ಲ್ಯಾಕ್ ಅಂಡ್ ವೈಟ್ ಪ್ರಿಂಟ್‌ಗಳು ಅಂಚಿನಲ್ಲಿ ಮಾಸಿ, ಕಪ್ಪು ಜಾಗದಲ್ಲಿ ಬೆಳ್ಳಿಯ ಹೊಳಪು ಬಂದಿದ್ದರೂ ಗಟ್ಟಿಯಾಗಿದ್ದವು. ಎಂಬತ್ತರ ದಶಕದ ಕಲರ್ ಫೋಟೋಗಳು ಕೆಂಪಗಾಗಿದ್ದವು. ಚಿಕ್ಕಮ್ಮನ ಮದುವೆಯಲ್ಲಿ ಇಡೀ ದಿಬ್ಬಣವೇ ಓಕುಳಿ ಆಡಿದಂತಿದೆ. ಆ ಕಾಲದ ಕಲರ್ ಪ್ರಿಂಟಿನಲ್ಲಿ ನೀಲಿ-ಹಸಿರು ಛಾಯೆಯ ಬಣ್ಣ ಬೆಳಕಿಲ್ಲದ ಕಡೆ ಇಟ್ಟರೂ ಮಾಸುತ್ತದೆ, ಕೆಂಪು ಉಳಿಯುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಸುಮಾರು ಮಟ್ಟಿಗೆ ಸರಿಮಾಡಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಅಂಟು ಇರುವ ಆಲ್ಬಮ್‌ಗಳು. ನಿಮ್ಮನೇಲೂ ಒಂದಿರುತ್ತೆ, ನೋಡಿ. ಫೋಟೋ ಅಂಟಿಕೊಂಡರೆ ಉಗುರು ಹಾಕಿ ಕೀಳಬೇಡಿ. ಹಲ್ಲಿನ ಸಂದಿ ಕ್ಲೀನ್ ಮಾಡೋ ಫ್ಲಾಸ್ ದಾರ ಬರುತ್ತಲ್ಲ, ಅದನ್ನು ಹಿಂದಿನಿಂದ ಗರಗಸದ ಹಾಗೆ ನಿಧಾನ ಆಡಿಸಿದರೆ ಬಹುತೇಕ ಬಿಟ್ಟುಕೊಡುತ್ತೆ. ಬಿಡಲಿಲ್ಲವೋ, ಆಲ್ಬಮ್ ಸಮೇತ ಸ್ಕ್ಯಾನ್ ಮಾಡಿ. ಗೋಡೆಯ ಕಟ್ಟಿನಲ್ಲಿ ಗಾಜಿಗೆ ಅಂಟಿದ ಫೋಟೋಗಳಿಗೂ ಇದೇ ಮಾತು. ಗಾಜಿನ ಮೇಲಿಂದಲೇ ತೆಗೆಯೋದು ಕ್ಷೇಮ.

ಜಗಲಿ ಮೇಲೆ ಸ್ಕ್ಯಾನರ್ ಇಟ್ಟೆ. 600 ಡಿಪಿಐ. 4x6 ಪ್ರಿಂಟಿಗೆ ಅದು 2400x3600 ಪಿಕ್ಸೆಲ್ ಕೊಡುತ್ತೆ, ಧಾರಾಳವಾಯ್ತು. ಪಾಸ್‌ಪೋರ್ಟ್ ಸೈಜಿನ ಪುಟಾಣಿಗಳಿಗೆ 1200. ಬ್ಲ್ಯಾಕ್ ಅಂಡ್ ವೈಟ್ ಆದರೂ ಕಲರ್ ಮೋಡ್‌ನಲ್ಲೇ ಇಡಿ, ಕಾಗದದ ಕಂದು ಛಾಯೆ ಉಳಿಯುತ್ತೆ. ನಾಲ್ಕು ನಾಲ್ಕು ಫೋಟೋ ಜೋಡಿಸಿ, ಆಟೋ ಕ್ರಾಪ್ ಆನ್ ಮಾಡಿ, ಗುಂಡಿ ಒತ್ತಿ ಕಾಯೋದು. ಅಪ್ಪೆಮಿಡಿ ಸೀಸನ್, ಒಳಗೆ ದೊಡ್ಡಮ್ಮ ಉಪ್ಪಿನಕಾಯಿ ಮಸಾಲೆ ಅರೆಯುತ್ತಿದ್ದಳು. ಅವಳ ಕೈ ಫೋಟೋ ಹತ್ತಿರ ಬರದ ಹಾಗೆ ನೋಡಿಕೊಳ್ಳೋದೇ ಒಂದು ಕೆಲಸ. ಮಧ್ಯಾಹ್ನ ಕರೆಂಟು ಹೋಯ್ತು. ಈ ನೀರಿನಿಂದ ನಡೆಯುವ ಶರಾವತಿ ಪವರ್‌ಹೌಸ್‌ನ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ನನ್ನ ಫ್ಲಾಟ್‌ನಲ್ಲಿ ಲಿಫ್ಟ್ ಓಡುತ್ತಿತ್ತು, ನೀರಿನ ದಡದ ಈ ಜಗಲಿಯಲ್ಲಿ ಸ್ಕ್ಯಾನರ್ ನಿಂತಿತ್ತು. ದೊಡ್ಡಪ್ಪನಿಗೆ ಇದೇನೂ ವಿಶೇಷ ಅನ್ನಿಸಲಿಲ್ಲ. ಬೀಸಣಿಗೆ ತಂದುಕೊಟ್ಟ.

ಕರೆಂಟ್ ಇಲ್ಲದಾಗ ಫೋನ್‌ನಲ್ಲಿ ತೆಗೆದೆ. ಇದೂ ಕೆಟ್ಟದ್ದಲ್ಲ. ಫ್ಲಾಶ್ ಬೇಡ, ನೇರ ಬಿಸಿಲು ಬೇಡ, ಉತ್ತರದ ಕಿಟಕಿ ಹತ್ತಿರ ಫೋಟೋವನ್ನು ಚಪ್ಪಟೆ ಇಟ್ಟು ಸರಿಯಾಗಿ ಮೇಲಿನಿಂದ ತೆಗೆದರಾಯ್ತು. ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಒಂದೇ ಫೋಟೋವನ್ನು ಬೇರೆ ಬೇರೆ ಕೋನದಿಂದ ತೆಗೆಸಿ, ಪ್ರತಿಫಲನ ಕಳೆದು ಜೋಡಿಸುತ್ತೆ. ತೊಂಬತ್ತರ ದಶಕದ ಟ್ರಿಪ್ ಫೋಟೋಗಳಿಗೆ, ಲಾಂಚ್ ಮೇಲೆ ನಿಂತು ಹಲ್ಲುಕಿರಿದ ನೂರಾರು ಫೋಟೋಗಳಿಗೆ ಅಷ್ಟೇ ಸಾಕಾಯ್ತು.

ಎರಡನೇ ದಿನ ಸಂಜೆಗೆ 300 ದಾಟಿತ್ತು. ಬೀಗುತ್ತಾ ಲ್ಯಾಪ್‌ಟಾಪ್ ಅಜ್ಜಿ ಮುಂದಿಟ್ಟು ಒಂದೊಂದೇ ತೋರಿಸುತ್ತಾ ಹೋದೆ. ಹೆಸರು ಕೇಳೋಣ, ಫೋನ್‌ನಲ್ಲಿ ರೆಕಾರ್ಡ್ ಮಾಡೋಣ ಅಂತ. ಅಜ್ಜಿ ಮುಖಗಳನ್ನು ನೋಡುತ್ತಲೇ ಇರಲಿಲ್ಲ. ಅವಳ ಬೆರಳು ಹಿಂದೆ ಹಿಂದೆ ಹೋಗುತ್ತಿತ್ತು.

"ಇದು ದಣಪೆ. ಇಲ್ಲಿಂದ ಕೆಳಗಿಳಿದ್ರೆ ತೋಟ."

"ಅಜ್ಜಿ, ಕೂತಿರೋದು ಯಾರು ಹೇಳು."

"ಅವಳಾ? ನನ್ನ ವಾರಗಿತ್ತಿ. ಅವಳನ್ನ ಹೇಗೂ ನೋಡಿದೀಯಲ್ಲ. ಇದು ನೋಡು, ಬಾವಿಕಟ್ಟೆ. ಈ ಕಲ್ಲು ಇತ್ತಲ್ಲ, ಬಟ್ಟೆ ಒಗೆಯೋದು, ಅದನ್ನ ಹೊತ್ತು ತರೋಕೆ ಆಗ್ಲಿಲ್ಲ. ಬಾಗಿಲು, ಕಂಬ ಎಲ್ಲ ಬಿಚ್ಚಿ ತಂದ್ರು. ಕಲ್ಲು ಅಲ್ಲೇ ಉಳೀತು."

ಆಗ ಹೊಳೆಯಿತು. ಮನುಷ್ಯರು ಹೇಗೋ ಮೇಲೆ ಬಂದಿದ್ದಾರೆ, ವಯಸ್ಸಾಗಿದ್ದಾರೆ, ತೀರಿಕೊಂಡಿದ್ದಾರೆ, ಅವರ ಬೇರೆ ಫೋಟೋಗಳೂ ಇವೆ. ಫೋಟೋದವನು ಬೇಡ ಅಂದ್ರೂ ಹಿಂದೆ ಬಂದುಬಿಟ್ಟ ಆ ದಣಪೆ, ಬಾವಿಕಟ್ಟೆ, ಹಲಸಿನ ಮರಗಳದ್ದು ಇದೊಂದೇ ಇರೋದು. ಅಜ್ಜಿಯ ಮಾತು ಕೇಳುತ್ತಾ ನಾನು ಹಳೇ ಡೈರಿಯೊಂದರ ಹಾಳೆಯಲ್ಲಿ ಮನೆಯ ನಕ್ಷೆ ಬರೆದೆ. ಮೂರು ಸಲ ತಿದ್ದಿಸಿದಳು. ಕೊಟ್ಟಿಗೆ ಉತ್ತರಕ್ಕಲ್ಲ, ಈಶಾನ್ಯಕ್ಕೆ.

ಆಮೇಲೆ 1961ರ ಗ್ರೂಪ್ ಫೋಟೋ ಬಂತು. ಅಜ್ಜನ ತಂಗಿಯ ಮದುವೆ. ಸಾಗರದಿಂದ ಸ್ಟುಡಿಯೋದವನು ಬಂದು ಚಪ್ಪರದ ಮುಂದೆ ಎಲ್ಲರನ್ನೂ ಕೂರಿಸಿ, ನಿಲ್ಲಿಸಿ ತೆಗೆದದ್ದು. 23 ಜನ. ಅಜ್ಜಿ ಸ್ಕ್ರೀನ್ ಮೇಲೆ ಬೆರಳಾಡಿಸುತ್ತಾ ಬಲಗಡೆಗೆ ಬಂದು ನಿಂತಳು.

"ಇಲ್ಲಿ ಅವನಿದ್ನಲ್ಲ. ಎಲ್ಲಿ ಹೋದ?"

"ಯಾರು?"

ಅಜ್ಜಿ ಹೆಸರು ಹೇಳಿದಳು. ಅವರ ಮನೆಯವರನ್ನು ಕೇಳದೆ ಇಲ್ಲಿ ಬರೆಯೋದು ಬೇಡ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವನು. "ಚಪ್ಪರ ಹಾಕಿದ್ದೇ ಅವ. ಕಂಬ ಹಿಡ್ಕೊಂಡು ನಿಂತಿದ್ದ. ಫೋಟೋದವ ಯಾರೂ ಅಲ್ಲಾಡಬೇಡಿ ಅಂದಿದ್ದ. ಅವ ಅಲ್ಲಾಡ್ಲಿಲ್ಲ. ನಿಮ್ಮಜ್ಜನೇ ತಲೆ ಅಲ್ಲಾಡಿಸಿದ್ದು, ನೋಡು."

ನಿಜ, ಅಜ್ಜನ ಮುಖ ಮಸುಕು. ಬಲಗಡೆ ಮಾತ್ರ ಯಾರೂ ಇಲ್ಲ. ಅಜ್ಜಿಗೆ ಮರೆವು ಶುರುವಾಯ್ತಾ ಅಂತ ಒಂದು ಕ್ಷಣ ಎದೆ ಧಸಕ್ಕೆಂದಿತು. ಎದ್ದುಹೋಗಿ ಡಬ್ಬಿಯಿಂದ ಪ್ರಿಂಟ್ ತೆಗೆದು ದೀಪದ ಹತ್ತಿರ ಹಿಡಿದೆ. ಇದ್ದ. ಫೋಟೋದ ಬಲ ಅಂಚು ತೇವಕ್ಕೆ ಮಾಸಿ ಬೆಳ್ಳಗಾಗಿದೆ. ಆ ಬಿಳಿಯೊಳಗೆ, ತಲೆಗೆ ಟವೆಲ್ ಸುತ್ತಿ, ಕಂಬದ ಮೇಲೆ ಒಂದು ಕೈ ಇಟ್ಟು, ಅಲ್ಲಾಡದೆ ನಿಂತ ತೆಳ್ಳಗಿನ ಮನುಷ್ಯ. ಮಾಸಿದ ಅಂಚನ್ನು ಸ್ಕ್ಯಾನರ್ ಖಾಲಿ ಜಾಗ ಅಂತ ತಿಳಿದು ಆಟೋ ಕ್ರಾಪ್‌ನಲ್ಲಿ ಕತ್ತರಿಸಿಹಾಕಿತ್ತು. ನಾನು 300 ಫೋಟೋಗಳನ್ನು ಒಂದೊಂದಾಗಿ ನೋಡದೆ ಸೇವ್ ಮಾಡಿದ್ದೆ.

ಆ ರಾತ್ರಿ ಆಟೋ ಕ್ರಾಪ್ ಆಫ್ ಮಾಡಿ ಅಷ್ಟನ್ನೂ ಮತ್ತೆ ಮೊದಲಿನಿಂದ ಹಾಕಿದೆ. ಅಂಚಿನ ಬಿಳಿ ಚೌಕಟ್ಟು, ಹರಿದ ಮೂಲೆ, ಹಿಂಬದಿಯ ಸ್ಟುಡಿಯೋ ಸೀಲು, ಯಾರೋ ಬರೆದ ಎರಡು ಅಕ್ಷರ ಎಲ್ಲವೂ ಬರುವ ಹಾಗೆ. ಕತ್ತರಿಸೋದನ್ನು ಕಾಪಿ ಮೇಲೆ ಯಾವಾಗ ಬೇಕಾದರೂ ಮಾಡಬಹುದು. ಹಿಂಬದಿ ಸ್ಕ್ಯಾನ್ ಮಾಡಿದ್ದಕ್ಕೇ ಎರಡು ಜಗಳ ಬಗೆಹರಿದವು: ದೊಡ್ಡಪ್ಪ ಹುಟ್ಟಿದ್ದು ಹಳೇ ಮನೆಯಲ್ಲೇ, ಮತ್ತು ಮಗುವಿನ ಫೋಟೋದಲ್ಲಿರೋದು ಅವನೇ, ಅಪ್ಪ ಅಲ್ಲ. ಅಪ್ಪನಿಗೆ ಇನ್ನೂ ಬೇಸರ ಇದೆ.

"ಅವರೆಲ್ಲ ಎಲ್ಲಿಗೆ ಹೋದ್ರು ಅಜ್ಜಿ?"

"ಲಾರಿ ಬಂತು. ಶಿವಮೊಗ್ಗ ಕಡೆ ಕಾಡಲ್ಲಿ ಬಿಟ್ರು. ನಮಗಾದ್ರೂ ತೋಟ ಇತ್ತು, ಅಷ್ಟೋ ಇಷ್ಟೋ ಪರಿಹಾರ ಅಂತ ಬಂತು. ಅವನ ಹೆಸರಲ್ಲಿ ಎಂತ ಇತ್ತು? ಬಿಡಾರ ಒಂದು, ಅದೂ ನಮ್ಮ ಜಾಗದಲ್ಲಿ." ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದಳು: "ಹೋಗೋವಾಗ ಅವನ ಹೆಂಡತಿ ನಮ್ಮ ಬಾವಿ ನೀರು ಒಂದು ಚೊಂಬು ತಗೊಂಡು ಹೋದಳು."

ಶರಾವತಿ ಮುಳುಗಡೆ ಸಂತ್ರಸ್ತರಲ್ಲಿ ಅನೇಕರ ಭೂಮಿ ಹಕ್ಕಿನ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಪೇಪರ್‌ನಲ್ಲಿ ಓದಿ ಪುಟ ತಿರುಗಿಸಿದ ಸುದ್ದಿ ಅದು. ಅದರೊಳಗೆ ನಮ್ಮ ಮದುವೆ ಫೋಟೋದಲ್ಲಿ ನಿಂತವನೂ ಇದ್ದಾನೆ ಅಂತ ನನಗೆ ಹೊಳೆದೇ ಇರಲಿಲ್ಲ.

ದೊಡ್ಡಪ್ಪನಿಗೆ ಅವನ ಮಗ ಗೊತ್ತಿದ್ದ. "ಆಯನೂರಿನ ಹತ್ತಿರ ಇದಾನೆ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಒಂದೆರಡು ಸಲ ಸಿಕ್ಕಿದ್ದ" ಅಂದ. ಫೋನ್ ಮಾಡಿದರೆ ಆ ಕಡೆಯಿಂದ ಬಂದ ಮೊದಲ ಮಾತು: "ಅಪ್ಪನ ಫೋಟೋನಾ? ನಮ್ಮತ್ರ ಒಂದೂ ಇಲ್ಲ."

ಮೂರನೇ, ನಾಲ್ಕನೇ ದಿನ ಕೆಲಸ ಬೇರೆ ಥರ ನಡೀತು. ಸ್ಪೀಡು ಕಡಿಮೆ, ಮಾತು ಜಾಸ್ತಿ. ಫೈಲ್ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ಜಾಗ, ಆಮೇಲೆ ಎಡದಿಂದ ಬಲಕ್ಕೆ ಜನ. ವರ್ಷ ಗೊತ್ತಿಲ್ಲದಿದ್ದರೆ 'ಮುಳುಗಡೆಗೆ ಮೊದಲು', 'ಮುಳುಗಡೆ ಆದಮೇಲೆ'. ಅಜ್ಜಿಯ ಕಾಲಗಣನೆ ಇರೋದೇ ಹಾಗೆ. ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಒತ್ತದೆ ಬರೆದೆ. ಬಾಲ್‌ಪೆನ್ ಮಾತ್ರ ಬೇಡ, ಒತ್ತಿದ ಗೆರೆ ಮುಂಬದಿಗೆ ಮೂಡುತ್ತೆ, ಶಾಯಿ ಇಳಿಯುತ್ತೆ. ಎಲ್ಲದರ ಒಂದು ಕಾಪಿ ದೊಡ್ಡಪ್ಪನ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ, ಒಂದು ನನ್ನ ಹತ್ತಿರ, ಒಂದು ಕ್ಲೌಡ್‌ನಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು ಕಾಪಿ ಲೆಕ್ಕಕ್ಕೆ ಬರಲ್ಲ, ಅದು ಫೋಟೋವನ್ನು ಹಿಂಡಿ ಸಣ್ಣ ಮಾಡುತ್ತೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. 1,140ರಲ್ಲಿ ಸುಮಾರು ಅರ್ಧ ಮುಗೀತು. ನೆಗೆಟಿವ್‌ಗಳನ್ನು ಮುಟ್ಟಲಿಲ್ಲ. ಅವಕ್ಕೆ ಹಿಂದಿನಿಂದ ಬೆಳಕು ಬಿಡುವ ಸ್ಕ್ಯಾನರ್ ಬೇಕು, ದೀಪಾವಳಿಗೆ ನೋಡೋಣ. ಟ್ರಂಕ್ ಅಟ್ಟದಿಂದ ಕೆಳಗಿಳಿದು ಅಜ್ಜಿಯ ಕೋಣೆಯ ಬೆಂಚಿನ ಮೇಲೆ ಕೂತಿದೆ.

ವಾಪಸ್ ಬರುವಾಗ ಸಾಗರದ ಸ್ಟುಡಿಯೋವೊಂದರಲ್ಲಿ 1961ರ ಫೋಟೋದ ಎರಡು ಪ್ರಿಂಟ್ ಹಾಕಿಸಿದೆ. ಒಂದು ಪೂರ್ತಿ ಫೋಟೋ, ಇನ್ನೊಂದರಲ್ಲಿ ಕಂಬ ಮತ್ತು ಅವನು ಮಾತ್ರ. ರೈಲು ಬಿಟ್ಟು ಶಿವಮೊಗ್ಗದ ಬಸ್ ಹತ್ತಿದೆ. ಆನಂದಪುರ, ಚೋರಡಿ, ಕುಂಸಿ ದಾಟಿ ಆಯನೂರಲ್ಲಿ ಇಳಿದರೆ ಮೊಮ್ಮಗ ಬೈಕ್ ತಂದು ಕಾಯುತ್ತಿದ್ದ. ರಸ್ತೆಯಿಂದ ಒಳಗೆ, ಸಿಮೆಂಟ್ ಶೀಟಿನ ಮನೆ, ಅಂಗಳದಲ್ಲಿ ಎಳೇ ಅಡಿಕೆ ಸಸಿಗಳು. ಮಗನಿಗೆ ಈಗ ಎಪ್ಪತ್ತರ ಹತ್ತಿರ. ಊರು ಬಿಡುವಾಗ ಐದಾರು ವರ್ಷ. ಅಪ್ಪ ತೀರಿಕೊಂಡಾಗ ಒಂಬತ್ತು.

ಕುರ್ಚಿ ಹಾಕಿದರು, ಕಾಫಿ ಬಂತು. ನಾನು ಕವರ್ ತೆಗೆದುಕೊಟ್ಟೆ. ಅವರು ಚಿಕ್ಕದನ್ನು ಪಕ್ಕಕ್ಕಿಟ್ಟು ದೊಡ್ಡದನ್ನೇ ಹಿಡಿದು ನೋಡುತ್ತಾ ಕೂತರು.

"ಇದು ನಿಮ್ಮನೆ ಅಂಗಳ ಅಲ್ವಾ ತಂಗಿ? ಇಲ್ಲಿ ಹಲಸಿನ ಮರ ಇತ್ತು. ಅದರ ಹಿಂದೇನೇ ನಮ್ಮ ಬಿಡಾರ."

ಮರ ಫೋಟೋದಲ್ಲಿತ್ತು. ಬಿಡಾರ ಇರಲಿಲ್ಲ. ಮರದ ಹಿಂದಿನ ಜಾಗವನ್ನು ಅವರು ಬೆರಳಿನಲ್ಲಿ ಮುಚ್ಚಿ, ತೆಗೆದು, ಮತ್ತೆ ನೋಡಿದರು.

ಮೊಮ್ಮಗ ಚಿಕ್ಕ ಪ್ರಿಂಟನ್ನು ಬೆಳಕಿಗೆ ಹಿಡಿದಿದ್ದ. ಮೂಲದಲ್ಲಿ ಆ ಮುಖ ಇರೋದು ಒಂದು ಹೆಸರುಕಾಳಿನಷ್ಟು. ನಾನು 1200ರಲ್ಲಿ, ಆಮೇಲೆ 2400ರಲ್ಲಿ ಸ್ಕ್ಯಾನ್ ಮಾಡಿ ನೋಡಿದ್ದೆ. ದೊಡ್ಡದಾದದ್ದು ಕಾಗದದ ಮೇಲಿನ ಚುಕ್ಕೆಗಳೇ ಹೊರತು ಮುಖವಲ್ಲ. ಎರಡು ಕಪ್ಪು ಕಲೆ ಕಣ್ಣು, ಒಂದು ನೆರಳು ಮೀಸೆ.

"ಅಕ್ಕಾ, ಮುಖ ಸ್ವಲ್ಪ ಕ್ಲಿಯರ್ ಮಾಡೋಕಾಗುತ್ತಾ? ಆ್ಯಪ್ ಇದೆಯಂತಲ್ಲ?"

ಉತ್ತರ ನನ್ನ ಬಾಯಲ್ಲೇ ಇತ್ತು. ಅದು ನಿಮ್ಮಜ್ಜ ಆಗಿರಲ್ಲ, ಯಾರೋ ಬೇರೆಯವನ ಮುಖ ತಂದು ಕೂರಿಸುತ್ತೆ, ನಮ್ಮನೇಲೇ ಹಾಗಾಯ್ತು ಅಂತ. ಹೇಳಿದೆ ಕೂಡ. ಆದರೆ ಹೇಳುತ್ತಾ ಹೇಳುತ್ತಾ ಮಾತು ಸಪ್ಪೆಯಾಯ್ತು. ನಮ್ಮಜ್ಜನದು ನಲವತ್ತು ಫೋಟೋ ಇವೆ, ಅದಕ್ಕೇ ಆ್ಯಪಿನ ಅಜ್ಜನನ್ನು ನೋಡಿ ನಗೋಕೆ ನಮಗೆ ಆಯ್ತು.

ಹುಡುಗ ಅಲ್ಲೇ ಫೋನ್‌ನಲ್ಲಿ ಮಾಡಿಬಿಟ್ಟ. ಒಂದು ನಿಮಿಷವೂ ಆಗಲಿಲ್ಲ. ದಪ್ಪ ಮೀಸೆಯ, ತೀಕ್ಷ್ಣ ಕಣ್ಣಿನ ಒಬ್ಬ ಬಂದ. ಮುದುಕರು ಫೋನನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು.

"ಚೆನ್ನಾಗಿದಾನೆ" ಅಂದರು. "ಅಪ್ಪಂಗೆ ಇಷ್ಟು ಮೀಸೆ ಇರ್ಲಿಲ್ಲ ಅನ್ಸುತ್ತೆ. ಇದ್ರೂ ಇರಬಹುದು." ಫೋನನ್ನು ಮೊಮ್ಮಗನಿಗೆ ವಾಪಸ್ ಕೊಟ್ಟು ಮತ್ತೆ ದೊಡ್ಡ ಪ್ರಿಂಟ್ ಎತ್ತಿಕೊಂಡರು. ಈ ಸಲ ಸಾಲು ಸಾಲಾಗಿ ಹೆಂಗಸರ ಕಡೆ ಹುಡುಕುತ್ತಿದ್ದರು.

"ಅವ್ವ ಇಲ್ವಾ ಇದ್ರಲ್ಲಿ?"

ಇರಲಿಲ್ಲ. ಆ ಹೊತ್ತಿಗೆ ಅವಳು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು ಅಂತ ಅಜ್ಜಿ ಹೇಳಿದ್ದಳು. ಅದನ್ನು ಹಾಗೇ ಹೇಳಿದೆ. ಚೊಂಬು ನೀರಿನ ಮಾತನ್ನೂ ಹೇಳಿದೆ. ಅದು ಅವರಿಗೆ ಗೊತ್ತಿತ್ತು. ಚೊಂಬು ಇನ್ನೂ ಒಳಗಿದೆ ಅಂದರು.

ಹೊರಡುವಾಗ ಪ್ರಿಂಟನ್ನು ತಿರುಗಿಸಿ ನನ್ನ ಮುಂದೆ ಹಿಡಿದರು. "ಹೆಸರು ಬರೆದುಕೊಡು ತಂಗಿ. ಅವ್ವಂದೂ ಬರಿ."

ಬ್ಯಾಗಿನಿಂದ ಪೆನ್ಸಿಲ್ ತೆಗೆದೆ. ವರ್ಷ, ಊರು, ಎಡದಿಂದ ಬಲಕ್ಕೆ 23 ಹೆಸರು. ಕೊನೆಯಲ್ಲಿ, ಕಂಬದ ಹತ್ತಿರ, ಅವರಪ್ಪನದು. ಅದರ ಕೆಳಗೆ 'ಹಿತ್ತಿಲಲ್ಲಿ' ಅಂತ ಬರೆದು, ಅವರವ್ವನ ಹೆಸರು.